ಸಾಂಬ್ರಾದ ಎಕ್ಸ್, ಸಾಂಬ್ರಾದ ವೈ, ಲೆಕ್ಕಕ್ಕೇ ಇಲ್ಲದವರು



ಇವತ್ತು ಸ್ವಲ್ಪ ಸಂಬಳದ ಮಾತಾಡೋಣ. ಎಂಟನೇ ಕೇಂದ್ರ ವೇತನ ಆಯೋಗ ರಚನೆ ಆಗಿದೆ. 2025ರ ಅಕ್ಟೋಬರ್ ಕೊನೆಯಲ್ಲಿ ಕೇಂದ್ರ ಸಂಪುಟ ಅದರ ಕಾರ್ಯವ್ಯಾಪ್ತಿಗೆ ಒಪ್ಪಿಗೆ ಕೊಟ್ಟಿದ್ದೇ ತಡ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಎಷ್ಟು ಪರ್ಸೆಂಟ್ ಏರುತ್ತೆ? ಫಿಟ್‌ಮೆಂಟ್ ಎಷ್ಟು? ಏಳನೇ ಆಯೋಗದಲ್ಲಿ 2.57 ಇತ್ತು, ಈ ಸಲ ಎಷ್ಟು? ವಾಟ್ಸಾಪಿನಲ್ಲಿ ಈಗಾಗಲೇ ಕೋಷ್ಟಕಗಳು ಓಡಾಡ್ತಾ ಇವೆ. ಯಾರು ಮಾಡಿದ್ದೋ, ದೇವರಿಗೇ ಗೊತ್ತು.

ನಾನು ಕೇಳೋ ಪ್ರಶ್ನೆ ಬೇರೆ. ಎಲ್ಲರಿಗೂ ಇಷ್ಟು ಪಟ್ಟು ಅಂತ ಏರಿಸಿಬಿಡೋದು ಸುಲಭ. ಆದರೆ ಯಾವ ಕೆಲಸ ಯಾವ ಮೆಟ್ಟಿಲ ಮೇಲೆ ಕೂರಬೇಕು ಅಂತ ತೀರ್ಮಾನ ಮಾಡೋರು ಯಾರು? ಈ ಕೆಲಸ ದೊಡ್ಡದು, ಆ ಕೆಲಸ ಚಿಕ್ಕದು ಅಂತ ಯಾವ ತಕ್ಕಡಿಯಲ್ಲಿ ತೂಗ್ತಾರೆ?

ಇದಕ್ಕೆ ಉತ್ತರ ಹುಡುಕೋಕೆ ದೆಹಲಿಗೆ ಹೋಗೋದು ಬೇಡ. ಬನ್ನಿ, ಸಾಂಬ್ರಾಕ್ಕೆ ಹೋಗೋಣ.

ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದರೆ ಸಾಂಬ್ರಾ ಸಿಗುತ್ತೆ. ಬೆಂಗಳೂರಿನವರಿಗೆ ಸಾಂಬ್ರಾ ಅಂದ್ರೆ ವಿಮಾನ ನಿಲ್ದಾಣ. ಚಳಿಗಾಲದ ಅಧಿವೇಶನ ಬಂತು ಅಂದ್ರೆ ಮಂತ್ರಿಗಳು ಅಲ್ಲೇ ಇಳೀತಾರೆ, ಅಲ್ಲಿಂದ ಸುವರ್ಣ ವಿಧಾನಸೌಧಕ್ಕೆ ಕಾರು. ಆದರೆ ವಾಯುಪಡೆಯವರಿಗೆ ಸಾಂಬ್ರಾ ಅಂದ್ರೆ ಏರ್‌ಮೆನ್ ಟ್ರೈನಿಂಗ್ ಸ್ಕೂಲ್. ಬಿಹಾರದವನು, ಕೇರಳದವನು, ಹರಿಯಾಣದವನು, ನಮ್ಮ ಗೋಕಾಕದವನು, ಎಲ್ಲರೂ ಇಲ್ಲಿಗೆ ಬಂದು ಕೂದಲು ಕತ್ತರಿಸಿಕೊಂಡು, ಬೂಟು ತಿಕ್ಕಿ, ಹೆಜ್ಜೆಗೆ ಹೆಜ್ಜೆ ಸೇರಿಸೋದನ್ನ ಕಲೀತಾರೆ. ಈಗ ಹೆಣ್ಣುಮಕ್ಕಳೂ ಬರ್ತಾರೆ. ಇಲ್ಲಿ ಮೂಲ ತರಬೇತಿ ಮುಗಿಸಿ, ಟ್ರೇಡ್ ಕಲಿಯೋಕೆ ಕೆಲವರು ನಮ್ಮ ಜಾಲಹಳ್ಳಿಗೆ, ಕೆಲವರು ಚೆನ್ನೈ ಹತ್ತಿರದ ತಾಂಬರಂಗೆ, ಆವಡಿಗೆ ಹೋಗ್ತಾರೆ.

ಪರೇಡ್ ಮೈದಾನದಲ್ಲಿ ನೋಡಿದರೆ ಎಲ್ಲರೂ ಒಂದೇ. ಒಂದೇ ಬಟ್ಟೆ, ಒಂದೇ ಊಟ, ಬೆಳಗ್ಗೆ ಎದ್ದು ಓಡೋದೂ ಒಂದೇ. ಆದರೆ ಸಂಬಳದ ಚೀಟಿ ಬಂದಾಗ ಒಂದಲ್ಲ.

ಅಗ್ನಿಪಥ ಯೋಜನೆ ಬರೋಕೆ ಮುಂಚೆ ವಾಯುಪಡೆಯ ನೇಮಕಾತಿ ಜಾಹೀರಾತು ನೋಡಿದವರಿಗೆ ನೆನಪಿರಬಹುದು. ಗ್ರೂಪ್ ಎಕ್ಸ್, ಗ್ರೂಪ್ ವೈ. ತರಬೇತಿ ಮುಗಿಸಿದ ಎಕ್ಸ್ ಹುಡುಗನಿಗೆ ಭತ್ಯೆ ಬಿಟ್ಟು ತಿಂಗಳಿಗೆ 33,100 ರೂಪಾಯಿ. ವೈ ಹುಡುಗನಿಗೆ 26,900. ವ್ಯತ್ಯಾಸ 6,200. ಈ ಅಂಕಿ ಎಲ್ಲಿಂದ ಬಂತು? ಇಬ್ಬರ ಮೂಲ ವೇತನವೂ 21,700. ಕೇಂದ್ರದ ವೇತನ ಪಟ್ಟಿಯಲ್ಲಿ ಮೂರನೇ ಹಂತ ಅದು. ಅದಕ್ಕೆ ಮಿಲಿಟರಿ ಸರ್ವಿಸ್ ಪೇ ಅಂತ ಇಬ್ಬರಿಗೂ 5,200. ಅಲ್ಲಿಗೆ 26,900 ಆಯ್ತು. ಆಮೇಲೆ ಎಕ್ಸ್ ಗುಂಪಿನವನಿಗೆ ಮಾತ್ರ ಎಕ್ಸ್ ಪೇ ಅಂತ ಇನ್ನೊಂದು 6,200. ತಾಂತ್ರಿಕ ಡಿಪ್ಲೊಮಾ ಇರುವ ಎಕ್ಸ್‌ಗೆ 6,200, ಇಲ್ಲದ ಎಕ್ಸ್‌ಗೆ 3,600. ಏಳನೇ ಆಯೋಗ ಹಾಕಿದ ಲೆಕ್ಕ ಇದು.

ಎಕ್ಸ್ ಯಾರು? ವಿಮಾನದ ಎಂಜಿನ್ ನೋಡೋ ಫಿಟ್ಟರ್, ವಿದ್ಯುತ್ ಕೆಲಸದವನು, ರೇಡಿಯೋ-ರಡಾರ್ ನೋಡೋ ತಂತ್ರಜ್ಞ. ಪಾಠ ಹೇಳೋ ಎಜುಕೇಶನ್ ಇನ್‌ಸ್ಟ್ರಕ್ಟರ್ ಕೂಡ ಎಕ್ಸ್. ವೈ ಯಾರು? ಕಚೇರಿ ಕಡತ ನೋಡೋನು, ಲೆಕ್ಕಪತ್ರದವನು, ಉಗ್ರಾಣದವನು, ಹವಾಮಾನ ವಿಭಾಗದವನು, ವಾಹನ ರಿಪೇರಿಯವನು, ಬ್ಯಾಂಡ್ ಬಾರಿಸೋನು, ಆಮೇಲೆ ಮೆಡಿಕಲ್ ಅಸಿಸ್ಟೆಂಟ್.

ಇಲ್ಲೇ ಸ್ವಲ್ಪ ನಿಲ್ಲಿ. ವಿಮಾನದ ಎಂಜಿನ್ ನೋಡೋನು ಎಕ್ಸ್. ಗಾಯಾಳುವಿನ ಮೈ ನೋಡೋನು ವೈ.

ತಪ್ಪು ಅಂತ ನಾನು ತಕ್ಷಣ ಹೇಳಲ್ಲ. ಫಿಟ್ಟರ್ ಒಂದು ಬೋಲ್ಟ್ ಸಡಿಲ ಬಿಟ್ಟರೆ ಮೇಲೆ ಪೈಲಟ್ ಜೀವ ಹೋಗುತ್ತೆ. ಅದು ಸಣ್ಣ ಹೊಣೆ ಅಲ್ಲ. ಇನ್ನೊಂದು ಕಾರಣವೂ ಇದೆ. ವಿಮಾನ ರಿಪೇರಿ ಕಲಿತವನಿಗೆ ಹೊರಗಡೆ ಖಾಸಗಿ ಕಂಪನಿಗಳು ಕಾಯ್ತಿರ್ತವೆ. ಅವನನ್ನ ಪಡೆಯಲ್ಲೇ ಉಳಿಸಿಕೊಳ್ಳೋಕೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತೆ. ಒಪ್ಪೋಣ. ಆದರೆ ಆಗ ನೀವು ಕೊಟ್ಟಿದ್ದು ಕೆಲಸದ ತೂಕಕ್ಕೆ ಅಲ್ಲ, ಮಾರ್ಕೆಟ್ಟಿನ ಬೆಲೆಗೆ. ಇವೆರಡೂ ಬೇರೆ ಬೇರೆ. ಟೊಮೆಟೊ ಕೆಜಿಗೆ ನೂರು ರೂಪಾಯಿ ಆದ ದಿನವೂ ಕೆಜಿ ಅಂದ್ರೆ ಕೆಜೀನೇ, ಐದು ರೂಪಾಯಿಗೆ ರಸ್ತೆಗೆ ಸುರಿದ ದಿನವೂ ಕೆಜೀನೇ. ಸಂಬಳದ ವಿಷಯದಲ್ಲಿ ಮಾತ್ರ ನಾವು ಬೆಲೆ ನೋಡಿ ತೂಕ ಅಂದುಕೊಳ್ತೀವಿ. ಹೆಚ್ಚು ಸಂಬಳದವನ ಕೆಲಸ ಹೆಚ್ಚಿನದು, ಕಡಿಮೆ ಸಂಬಳದವನದು ಕಡಿಮೆಯದು. ಮದುವೆ ಸಂಬಂಧ ನೋಡೋವಾಗಲೂ ಅದೇ ಲೆಕ್ಕ ತಾನೆ!

ಹಾಗಾದರೆ ಕೆಲಸದ ತೂಕ ಅಳೆಯೋಕೆ ಬರುತ್ತಾ? ಬರುತ್ತೆ ಅಂತ ಒಂದು ಶಾಸ್ತ್ರವೇ ಇದೆ. ಹುದ್ದೆಯ ಮೌಲ್ಯಮಾಪನ ಅಂತಾರೆ. ನೂರು ವರ್ಷದ ಹಿಂದೆ ಅಮೆರಿಕದ ಕಚೇರಿ, ಕಾರ್ಖಾನೆಗಳಲ್ಲಿ ಬೆಳೆದಿದ್ದು. ಮೊದಲ ನಿಯಮ ಏನಂದ್ರೆ, ಕುರ್ಚಿಯನ್ನ ತೂಗಬೇಕು, ಕುರ್ಚಿಯಲ್ಲಿ ಕೂತವನನ್ನಲ್ಲ. ಅವನು ಚುರುಕೋ ಸೋಮಾರಿಯೋ, ಸಾಹೇಬರ ಅಳಿಯನೋ, ಅದೆಲ್ಲ ಇಲ್ಲಿ ಬೇಡ. ಆ ಕೆಲಸಕ್ಕೆ ಎಷ್ಟು ಓದು, ಎಷ್ಟು ಕೈಚಳಕ ಬೇಕು? ಎಷ್ಟು ಹೊಣೆ ಇದೆ? ಮೈಗೆ, ಮನಸ್ಸಿಗೆ ಎಷ್ಟು ಶ್ರಮ? ಬಿಸಿಲೋ, ಹೊಗೆಯೋ, ರಾತ್ರಿ ಪಾಳಿಯೋ? ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸೋದು. ಕಂಪನಿಗಳಲ್ಲಿ ಕೆಲಸ ಮಾಡೋರಿಗೆ ಹೇ ಪದ್ಧತಿ ಅಂದ್ರೆ ಗೊತ್ತಿರಬಹುದು. ಏನು ಗೊತ್ತಿರಬೇಕು, ಎಂಥ ಸಮಸ್ಯೆ ಬಿಡಿಸಬೇಕು, ಯಾವುದಕ್ಕೆ ಉತ್ತರ ಕೊಡಬೇಕು, ಈ ಮೂರು ನೋಡ್ತಾರೆ. ದೊಡ್ಡ ದೊಡ್ಡ ಕಂಪನಿಗಳ ಗ್ರೇಡುಗಳು ಬರೋದು ಇಂಥ ತಕ್ಕಡಿಗಳಿಂದಲೇ.

ಕೇಳೋಕೆ ಬಹಳ ನ್ಯಾಯವಾಗಿದೆ ಅಲ್ವಾ? ಚಮತ್ಕಾರ ಇರೋದು ಮುಂದೆ. ಓದಿಗೆ ನೂರಕ್ಕೆ ಐವತ್ತು ಅಂಕ ಇಡ್ತೀರೋ, ಇಪ್ಪತ್ತು ಇಡ್ತೀರೋ? ಹೊಣೆ ಅಂದ್ರೆ ಯಾವುದು, ದುಡ್ಡಿನ ಹೊಣೆನಾ, ಜೀವದ ಹೊಣೆನಾ? ಶ್ರಮ ಅಂದ್ರೆ ಮೂಟೆ ಹೊರೋದು ಮಾತ್ರನಾ, ಅಥವಾ ದಿನವಿಡೀ ನಗುಮುಖ ಇಟ್ಕೊಂಡು ಬೈಗುಳ ಕೇಳೋದೂ ಶ್ರಮನಾ? ಓದಿಗೆ ಐವತ್ತು ಇಟ್ಟರೆ ಫಿಟ್ಟರ್ ಮೇಲೆ ಬರ್ತಾನೆ. ಜೀವದ ಹೊಣೆಗೂ ರಾತ್ರಿ ಪಾಳಿಗೂ ಐವತ್ತು ಇಟ್ಟರೆ ಫಿಟ್ಟರ್ರೂ ಮೆಡಿಕಲ್ ಅಸಿಸ್ಟೆಂಟೂ ಪಕ್ಕಪಕ್ಕ ಕೂರ್ತಾರೆ. ಕೆಲಸ ಅದೇ, ಮನುಷ್ಯರು ಅವರೇ. ಅಂಕದ ಹಂಚಿಕೆ ಮಾತ್ರ ಬದಲಾಯ್ತು.

ಇದು ಬರೀ ಮಾತಲ್ಲ, ನಡೆದ ಕತೆ ಹೇಳ್ತೀನಿ. ಲಂಡನ್ ಹೊರವಲಯದ ಡೇಗನ್‌ಹ್ಯಾಮ್‌ನಲ್ಲಿ ಫೋರ್ಡ್ ಕಾರಿನ ಕಾರ್ಖಾನೆ. ಅಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯೋ ಹೆಣ್ಣುಮಕ್ಕಳು. ಕಂಪನಿ ಹೊಸದಾಗಿ ಎಲ್ಲ ಕೆಲಸಗಳಿಗೂ ತೂಕ ಹಾಕಿಸ್ತು. ತಜ್ಞರು ಬಂದರು, ಅಂಕ ಕೊಟ್ಟರು, ಪಟ್ಟಿ ಮಾಡಿದರು. ಹೊಲಿಗೆಯವರು ಬಿ ಗ್ರೇಡ್. ಅಂದ್ರೆ ಹೆಚ್ಚು ಕುಶಲತೆ ಬೇಡದ ಕೆಲಸ. ಗಂಡಸರ ಎಷ್ಟೋ ಕೆಲಸ ಸಿ ಗ್ರೇಡ್. ಅದರ ಮೇಲೆ, ಬಿ ಗ್ರೇಡಿನ ಗಂಡಸಿಗಿಂತಲೂ ಈ ಹೆಂಗಸರಿಗೆ ಕೂಲಿ ಕಡಿಮೆ. ಆ ಹೆಣ್ಣುಮಕ್ಕಳು ಕೇಳಿದ್ದು ಸರಳ ಪ್ರಶ್ನೆ. ಕುಶಲತೆ ಬೇಡದ ಕೆಲಸ ಅಂತೀರಿ, ಹಾಗಾದರೆ ಕೆಲಸಕ್ಕೆ ಸೇರಿಸಿಕೊಳ್ಳೋವಾಗ ನಮಗೆ ಹೊಲಿಗೆ ಪರೀಕ್ಷೆ ಯಾಕೆ ಇಟ್ಟಿರಿ?

1968ರ ಜೂನ್‌ನಲ್ಲಿ 187 ಹೆಂಗಸರು ಮಷೀನ್ ಬಿಟ್ಟು ಎದ್ದರು. ಮೂರು ವಾರ. ಸೀಟಿಲ್ಲದೆ ಕಾರು ಹೊರಗೆ ಬರುತ್ತಾ? ಕಾರ್ಖಾನೆಯೇ ನಿಂತುಹೋಯ್ತು. ಕೊನೆಗೆ ಮಂತ್ರಿ ಬಾರ್ಬರಾ ಕ್ಯಾಸಲ್ ಅವರನ್ನ ಕರೆದು ಕೂರಿಸಿ ಮಾತಾಡಿದರು. ಗಂಡಸರ ದರದ ಶೇಕಡಾ 92ರಷ್ಟು ಸಿಕ್ತು. ಎರಡು ವರ್ಷದಲ್ಲಿ, 1970ರಲ್ಲಿ, ಬ್ರಿಟನ್ನಿನಲ್ಲಿ ಸಮಾನ ವೇತನ ಕಾಯ್ದೆಯೇ ಬಂತು. ಅದರ ಮೇಲೆ ಸಿನಿಮಾನೂ ಆಯ್ತು. ಎಲ್ಲರಿಗೂ ಗೊತ್ತಿರೋ ಕತೆ ಇಷ್ಟು. ಗೊತ್ತಿಲ್ಲದ್ದು ಏನಂದ್ರೆ, ಅವರು ಮೊದಲು ಕೇಳಿದ್ದು ದುಡ್ಡಲ್ಲ, ಗ್ರೇಡು. ಬಿ ಅಂತ ಬರೆದಿದ್ದನ್ನ ಸಿ ಮಾಡಿ ಅಂದಿದ್ದರು. ಅದು ಸಿಕ್ಕಿದ್ದು 1984ರಲ್ಲಿ, ಮತ್ತೊಮ್ಮೆ ಮುಷ್ಕರ ಮಾಡಿದ ಮೇಲೆ. ಹದಿನಾರು ವರ್ಷ! ಕಾನೂನು ಬದಲಾಗೋಕೆ ಎರಡು ವರ್ಷ, ಒಂದು ಅಕ್ಷರ ಬದಲಾಗೋಕೆ ಹದಿನಾರು ವರ್ಷ.

ನಮ್ಮಲ್ಲೂ ಕನಿಷ್ಠ ಕೂಲಿಯ ಪಟ್ಟಿಗಳಲ್ಲಿ ಕುಶಲ, ಅರೆಕುಶಲ, ಅಕುಶಲ ಅಂತ ಇರುತ್ತಲ್ಲ, ಒಂದು ಸಲ ಓದಿ ನೋಡಿ. ಹೆಣ್ಣುಮಕ್ಕಳು ಹೆಚ್ಚು ಮಾಡೋ ಕೆಲಸ ಯಾವ ಸಾಲಿನಲ್ಲಿ ಇರುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಸರಿ, ನಮ್ಮ ನ್ಯಾಯಾಲಯಗಳು ಏನು ಹೇಳಿವೆ? 1982ರಲ್ಲಿ ರಣಧೀರ್ ಸಿಂಗ್ ಅಂತ ದೆಹಲಿ ಪೊಲೀಸ್ ಇಲಾಖೆಯ ಒಬ್ಬ ಡ್ರೈವರ್ ಸುಪ್ರೀಂ ಕೋರ್ಟಿಗೆ ಹೋದರು. ದೆಹಲಿ ಆಡಳಿತದ ಬೇರೆ ಇಲಾಖೆಗಳ ಡ್ರೈವರಿಗೂ ಇದೇ ಸ್ಟೇರಿಂಗ್, ಇದೇ ರಸ್ತೆ, ನನಗೆ ಯಾಕೆ ಕಡಿಮೆ ಅಂದರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಒಪ್ತು. ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನೋದು ಸಂವಿಧಾನದ ಗುರಿ ಅಂತ ಹೇಳಿ, ಅದೇ ಶ್ರೇಣಿ ಕೊಡಿ ಅಂತು. ದೇಶದ ನೌಕರರಿಗೆಲ್ಲ ಬಾಗಿಲು ತೆಗೆದ ಹಾಗಾಯ್ತು.

ಬಾಗಿಲು ಬಹಳ ಕಾಲ ಪೂರ್ತಿ ತೆರೆದಿರಲಿಲ್ಲ. 1988ರಲ್ಲಿ ಅಲಹಾಬಾದ್ ಹೈಕೋರ್ಟಿನ ಬೆಂಚ್ ಸೆಕ್ರೆಟರಿಗಳ ಪ್ರಕರಣ ಬಂತು. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಎರಡು ಹುದ್ದೆ ಸಮಾನವೋ ಅಲ್ಲವೋ ಅಂತ ಅರ್ಜಿ, ಪ್ರಮಾಣಪತ್ರ ಓದಿ ಹೇಳೋಕಾಗಲ್ಲ, ಕರ್ತವ್ಯ, ಹೊಣೆ ಎಲ್ಲ ತೂಗಿ ನೋಡಬೇಕು, ಆ ಕೆಲಸ ವೇತನ ಆಯೋಗದಂಥ ತಜ್ಞರಿಗೆ ಬಿಟ್ಟಿದ್ದು ಅಂದರು. ನ್ಯಾಯವಾದ ಮಾತೇ. ಕೋರ್ಟಿಗೆ ತಕ್ಕಡಿ ಇರೋದು ಚಿತ್ರದಲ್ಲಿ, ಅಂಗಡಿಯಲ್ಲಿ ಅಲ್ಲ. (ಇದೇ ಶೆಟ್ಟರನ್ನ ಮುಂದೆ 1996ರಲ್ಲಿ ಕೆಳಹಂತದ ನ್ಯಾಯಾಧೀಶರ ಸಂಬಳ ನೋಡೋ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು. ನ್ಯಾಯಾಧೀಶರ ಕೆಲಸದ ತೂಕ ಬೇರೆ ನೌಕರರ ತಕ್ಕಡಿಯಲ್ಲಿ ಆಗಲ್ಲ ಅಂತ ಬೇರೆ ತಕ್ಕಡಿಯೇ ಬಂತು. ಕೇಳೋ ಶಕ್ತಿ ಇದ್ದವರಿಗೆ ತಕ್ಕಡಿ ಸಿಗುತ್ತೆ.)

ಹಾಗಾದರೆ ತಜ್ಞರು ಹೇಗೆ ತೂಗಿದರು? ಮತ್ತೆ ಸಾಂಬ್ರಾದ ಕಾಂಪೌಂಡಿಗೇ ಬರೋಣ. ಮಿಲಿಟರಿ ಸರ್ವಿಸ್ ಪೇ ಅಂದೆನಲ್ಲ, ಅದು ಏನಕ್ಕೆ ಕೊಡೋದು? ಸೈನಿಕ ಬದುಕಿನ ಕಷ್ಟಕ್ಕೆ. ಮನೆ ಬಿಟ್ಟು ಇರೋದು, ಎಲ್ಲಿ ಕಳಿಸಿದರೆ ಅಲ್ಲಿಗೆ ಹೋಗೋದು, ಜೀವಕ್ಕೆ ಅಪಾಯ, ಬೇಗ ನಿವೃತ್ತಿ. ಏಳನೇ ಆಯೋಗದ ಲೆಕ್ಕದಲ್ಲಿ ಈ ಕಷ್ಟದ ದರಪಟ್ಟಿ ಹೀಗಿದೆ. ಅಧಿಕಾರಿಯ ಕಷ್ಟಕ್ಕೆ 15,500. ಮಿಲಿಟರಿ ನರ್ಸಿಂಗ್ ಅಧಿಕಾರಿಯ ಕಷ್ಟಕ್ಕೆ 10,800. ಜವಾನ, ಏರ್‌ಮನ್, ಅವರ ಮೇಲಿನ ಜೆಸಿಒಗಳ ಕಷ್ಟಕ್ಕೆ 5,200. ವಾಯುಪಡೆಯಲ್ಲಿ ಅಡುಗೆ, ಸ್ವಚ್ಛತೆಯಂಥ ಕೆಲಸಕ್ಕೆ ಸೇರಿಸಿಕೊಂಡ ಯುದ್ಧೇತರ ಸಿಬ್ಬಂದಿಯ ಕಷ್ಟಕ್ಕೆ 3,600.

ಹೊಣೆಗಾರಿಕೆಗೆ ಹೆಚ್ಚು ಸಂಬಳ ಕೊಡಿ, ಯಾರು ಬೇಡ ಅಂದರು? ಅದು ಮೂಲ ವೇತನದಲ್ಲಿ ಆಗಲೇ ಬಂದಿದೆ. ಇದು ಕಷ್ಟದ ಭಾಗ. ಸಿಯಾಚಿನ್ ಚಳಿ ಸ್ಟಾರು, ಪಟ್ಟಿ ನೋಡಿ ಕೊರೆಯುತ್ತಾ? ನರ್ಸಿಂಗ್ ಅಧಿಕಾರಿಯೂ ಅಧಿಕಾರಿಯೇ, ಭುಜದ ಮೇಲೆ ನಕ್ಷತ್ರ ಇದೆ. ಆದರೂ 4,700 ರೂಪಾಯಿ ಕಡಿಮೆ. ಯಾವ ಅಂಕಕ್ಕೆ ಕಡಿತ?

ಜೆಸಿಒಗಳ, ವಾಯುಪಡೆ, ನೌಕಾಪಡೆಯಲ್ಲಿ ಅವರಿಗೆ ಸಮಾನ ದರ್ಜೆಯವರ ಈ ಮೊತ್ತವನ್ನ 5,200ರಿಂದ 10,000ಕ್ಕೆ ಏರಿಸಿ ಅಂತ ಪಡೆಗಳು ಕೇಳಿದ್ದವು. ಸುಮಾರು 1.12 ಲಕ್ಷ ಜನರಿಗೆ ಅನುಕೂಲ ಆಗ್ತಿತ್ತು. 2018ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವಾಲಯ ಆಗಲ್ಲ ಅಂತು. ಏಳನೇ ಆಯೋಗದಲ್ಲಿ ನ್ಯಾಯಮೂರ್ತಿ ಇದ್ದರು, ಅರ್ಥಶಾಸ್ತ್ರಜ್ಞರಿದ್ದರು, ಐಎಎಸ್ ಅಧಿಕಾರಿ ಇದ್ದರು. ಸೈನಿಕ ಸಮವಸ್ತ್ರ ಹಾಕಿದವರು ಒಬ್ಬರೂ ಸದಸ್ಯರಾಗಿರಲಿಲ್ಲ. ಎಂಟನೆಯದರಲ್ಲಿ ನ್ಯಾಯಮೂರ್ತಿ ರಂಜನಾ ದೇಸಾಯಿ ಅಧ್ಯಕ್ಷೆ. ನಮ್ಮ ಬೆಂಗಳೂರು ಐಐಎಂನ ಪ್ರೊಫೆಸರ್ ಪುಲಕ್ ಘೋಷ್ ಸದಸ್ಯರು. ಪಂಕಜ್ ಜೈನ್ ಸದಸ್ಯ ಕಾರ್ಯದರ್ಶಿ. ಈ ಸಲವೂ ಸಮವಸ್ತ್ರ ಇಲ್ಲ.

ಇನ್ನು ಅಗ್ನಿವೀರರು. 2022ರಲ್ಲಿ ಯೋಜನೆ ಬಂತು. ಈಗ ಸಾಂಬ್ರಾದಲ್ಲಿ ಹೆಜ್ಜೆ ಹಾಕೋರಲ್ಲಿ ಹೆಚ್ಚಿನವರು ಅಗ್ನಿವೀರ ವಾಯು. ಮೊದಲ ವರ್ಷ 30,000, ನಾಲ್ಕನೇ ವರ್ಷಕ್ಕೆ 40,000. ಅದರಲ್ಲಿ ಶೇಕಡಾ 30 ಸೇವಾ ನಿಧಿಗೆ ಕಡಿತ, ಅಷ್ಟೇ ಮೊತ್ತ ಸರ್ಕಾರವೂ ಹಾಕುತ್ತೆ. ಹಾಗಾಗಿ ಮೊದಲ ವರ್ಷ ಕೈಗೆ ಬರೋದು 21,000. ತುಟ್ಟಿಭತ್ಯೆ ಇಲ್ಲ, ಮಿಲಿಟರಿ ಸರ್ವಿಸ್ ಪೇ ಇಲ್ಲ. ವಿಜ್ಞಾನ ಓದಿದವನಿಗೂ ಅಷ್ಟೇ, ಕಲಾ ವಿಭಾಗದವನಿಗೂ ಅಷ್ಟೇ. ಎಕ್ಸ್-ವೈ ಜಗಳ ಮುಗೀತು ಅಂತ ಕೆಲವರು ಸಂತೋಷಪಟ್ಟರು. ಮುಗಿದಿಲ್ಲ. ಇಬ್ಬರನ್ನೂ ಪಟ್ಟಿಯಿಂದಲೇ ಕೆಳಗೆ ಇಳಿಸಿದ್ದಾರೆ. ನಾಲ್ಕು ವರ್ಷದ ನಂತರ ನೂರಕ್ಕೆ ಇಪ್ಪತ್ತೈದು ಜನ ಮಾತ್ರ ಉಳಿಯೋದು.

ಇದರಲ್ಲಿ ಒಂದು ಸ್ವಾರಸ್ಯ ಇದೆ ನೋಡಿ. ಅಗ್ನಿಪಥ ಬಂದ ಮೇಲೂ ವಾಯುಪಡೆ ಹಳೇ ಪದ್ಧತಿಯಲ್ಲೇ ಏರ್‌ಮನ್‌ಗಳನ್ನ ಕರೆದಿರೋದು ಯಾವ ಟ್ರೇಡಿಗೆ ಗೊತ್ತಾ? ಮೆಡಿಕಲ್ ಅಸಿಸ್ಟೆಂಟ್. ಅದೇ, ವೈ ಅಂತ ಕೆಳಗೆ ಕೂರಿಸಿದ್ರಲ್ಲ, ಆ ಟ್ರೇಡು. ಜಾಹೀರಾತಿನಲ್ಲಿ ಈಗಲೂ ಅದೇ 26,900. ನಾಲ್ಕು ವರ್ಷಕ್ಕೆ ಕಳಿಸಿಬಿಡೋ ಕೆಲಸ ಇದಲ್ಲ ಅಂತ ಪಡೆಗೆ ಅನ್ನಿಸಿದ್ದರೆ, ಅದೇ ಅವರ ತೂಕ ಅಲ್ವಾ? ಪಟ್ಟಿ ಒಂದು ಹೇಳುತ್ತೆ, ಅಗತ್ಯ ಇನ್ನೊಂದು ಹೇಳುತ್ತೆ.

ಇಷ್ಟೊತ್ತು ಕಾಂಪೌಂಡಿನ ಒಳಗಿನ ಮಾತಾಯ್ತು. ಈಗ ಗೇಟು ದಾಟಿ ಊರೊಳಗೆ ಬನ್ನಿ. ಕಾಂಪೌಂಡಿನ ಒಳಗಿರೋರಿಗೆ ಜಗಳ ಆಡೋಕೆ ಒಂದು ಮೆಟ್ಟಿಲಾದರೂ ಇದೆ. ಎಕ್ಸೋ ವೈಯೋ, ಮೂರನೇ ಹಂತವೋ ನಾಲ್ಕನೆಯದೋ. ಊರೊಳಗೆ ಒಂದು ಕೆಲಸ ಇದೆ, ಅದಕ್ಕೆ ಮೆಟ್ಟಿಲೇ ಇಲ್ಲ.

ಅಂಗನವಾಡಿ ಕಾರ್ಯಕರ್ತೆ. ಆಶಾ ಕಾರ್ಯಕರ್ತೆ. ಸಾಂಬ್ರಾ, ಮುತಗಾ, ನಿಲಜಿ, ನಿಮ್ಮ ಊರು, ಎಲ್ಲ ಕಡೆ ಇದ್ದಾರೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಗಾಂಧಿ ಜಯಂತಿ ದಿನ. ದೇಶದ ಮೊದಲ 33 ಕಡೆಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಐವತ್ತು ವರ್ಷ ಆಯ್ತು. ಇವತ್ತಿಗೂ ಅಂಗನವಾಡಿಯವರಿಗೆ ಕೊಡೋದು ಸಂಬಳ ಅಲ್ಲ, ಗೌರವಧನ. ಕೇಂದ್ರದ ಲೆಕ್ಕದಲ್ಲಿ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250. ಅದು 2018ರ ಅಕ್ಟೋಬರ್‌ನ ದರ. ಉಳಿದಿದ್ದನ್ನ ರಾಜ್ಯ ಸೇರಿಸಿ ಕೊಡಬೇಕು. ಆಶಾ ಕಾರ್ಯಕರ್ತೆ ಅಂತೂ ಹೆಸರಿನಲ್ಲೇ ಸ್ವಯಂಸೇವಕಿ. ಗರ್ಭಿಣಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋದರೆ ಇಷ್ಟು, ಮಗುವಿಗೆ ಲಸಿಕೆ ಹಾಕಿಸಿದರೆ ಇಷ್ಟು ಅಂತ ಪ್ರೋತ್ಸಾಹಧನ.

ಗೌರವಧನ ಅನ್ನೋ ಪದ ಎಷ್ಟು ಚೆಂದ ಇದೆ! ಅದರ ಅರ್ಥ ಇಷ್ಟೇ. ಇದು ಹುದ್ದೆ ಅಲ್ಲ. ಹುದ್ದೆ ಅಲ್ಲ ಅಂದ ಮೇಲೆ ತೂಗೋದು ಏನನ್ನ? ತೂಗದೇ ಇದ್ದ ಮೇಲೆ ಮೆಟ್ಟಿಲು ಯಾವುದು? ಮೆಟ್ಟಿಲೇ ಇಲ್ಲದವರಿಗೆ ವೇತನ ಆಯೋಗ ಎಲ್ಲಿಂದ ಬಂತು?

ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದ್ದೂ ನಮ್ಮ ರಾಜ್ಯದಿಂದಲೇ. ಕರ್ನಾಟಕ ಸರ್ಕಾರ ವಿರುದ್ಧ ಅಮೀರ್‌ಬಿ, 2006ರ ಡಿಸೆಂಬರ್‌ನ ತೀರ್ಪು. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆ ಅಲ್ಲ ಅಂತ ಕೋರ್ಟು ಹೇಳ್ತು. ಹದಿನಾರು ವರ್ಷಕ್ಕೆ ಗಾಳಿ ಸ್ವಲ್ಪ ತಿರುಗ್ತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣ ಒಂದರಲ್ಲಿ ಅದೇ ಸುಪ್ರೀಂ ಕೋರ್ಟು, ಇವರಿಗೆ ಗ್ರಾಚ್ಯುಟಿ ಕೊಡಬೇಕು ಅಂತು. ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ, ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇವರು ಮಾಡ್ತಿರೋದು ಕಾನೂನಿನ ಕೆಲಸ, ಪುಕ್ಕಟೆ ಸೇವೆ ಅಲ್ಲ ಅನ್ನೋ ಅರ್ಥದ ಮಾತಾಡ್ತು. ನಿವೃತ್ತಿ ಆಗೋವಾಗ ಗ್ರಾಚ್ಯುಟಿ ಬಂತು. ದುಡಿಯೋವಾಗಿನ ಮೆಟ್ಟಿಲು ಮಾತ್ರ ಇನ್ನೂ ಬಂದಿಲ್ಲ.

ಪೆನ್ನು ತಗೊಳ್ಳಿ, ನಾವೇ ತೂಗೋಣ. ಅಂಗನವಾಡಿ ಕಾರ್ಯಕರ್ತೆ ಏನು ಮಾಡ್ತಾಳೆ? ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ. ಅವರ ಊಟ. ಪ್ರತಿ ಮಗುವಿನ ತೂಕ, ಎತ್ತರ ಅಳೆದು ಮೊಬೈಲಿನ ಪೋಷಣ್ ಟ್ರ್ಯಾಕರಿನಲ್ಲಿ ಹಾಕೋದು. ಗರ್ಭಿಣಿ, ಬಾಣಂತಿಯರ ಲೆಕ್ಕ. ಲಸಿಕೆ ದಿನ ಮನೆಮನೆಗೆ ಹೋಗಿ ಕರೆಯೋದು. ಚುನಾವಣೆ ಬಂದರೆ ಎಷ್ಟೋ ಕಡೆ ಮತಗಟ್ಟೆ ಅಧಿಕಾರಿಯ ಕೆಲಸವೂ ಇವರ ಮೇಲೇ. ಓದು ಬೇಕಾ? ಬೇಕು. ಹೊಣೆ ಇದೆಯಾ? ಇದೆ, ಅಪೌಷ್ಟಿಕ ಮಗು ತಪ್ಪಿಹೋದರೆ ಕೇಳೋದು ಇವರನ್ನೇ. ಶ್ರಮ? ಇಪ್ಪತ್ತು ಮೂವತ್ತು ಚಿಕ್ಕ ಮಕ್ಕಳನ್ನ ಒಂದು ಗಂಟೆ ಸುಮ್ಮನೆ ಕೂರಿಸಿ ತೋರಿಸಿ, ಆಮೇಲೆ ಮಾತಾಡೋಣ.

ಈಗ ಪಕ್ಕದಲ್ಲಿ ಇನ್ನೊಂದು ಹುದ್ದೆ ಇಡಿ. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಶಿಕ್ಷಕಿ. ಕೇಂದ್ರದ ಆರನೇ ಹಂತ, ಮೂಲ ವೇತನ 35,400ರಿಂದ ಶುರು. ಅವರು ಡಿಪ್ಲೊಮಾ ಓದಿದ್ದಾರೆ, ಪರೀಕ್ಷೆ ಪಾಸಾಗಿದ್ದಾರೆ, ಅವರಿಗೆ ಹೆಚ್ಚು ಅನ್ನಬೇಡಿ ಅಂತ ಯಾರೂ ಹೇಳ್ತಿಲ್ಲ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಏನು ಹೇಳುತ್ತೆ? ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ, ಬುನಾದಿ ಹಂತ, ಅದೇ ಅತಿ ಮುಖ್ಯ ಅಂತ. ಮಗು ಅದೇ, ಬುನಾದಿ ಅದೇ. ಆರು ವರ್ಷ ತುಂಬಿದ ಮಗುವಿಗೆ ಅಕ್ಷರ ಕಲಿಸೋದು ಆರನೇ ಹಂತ. ಐದು ವರ್ಷದ ಮಗುವಿಗೆ ಕಲಿಸೋದು ಯಾವ ಹಂತವೂ ಅಲ್ಲ. ಇಬ್ಬರ ಮಧ್ಯೆ ವ್ಯತ್ಯಾಸ ಇರಲಿ ಸ್ವಾಮಿ. ಇಷ್ಟಾ?

ರಾಜ್ಯದ ಲೆಕ್ಕ ನೋಡಿ. ಸುಧಾಕರ ರಾವ್ ಅವರ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ರಾಜ್ಯ ಸರ್ಕಾರದಲ್ಲಿ ಅತಿ ಕೆಳಗಿನ ಕುರ್ಚಿಯ ಮೂಲ ವೇತನ 27,000, ಅತಿ ಮೇಲಿನದು 2,41,200. ಕೆಳಗಿನ ಕುರ್ಚಿಯೇ 27,000. ಅದಾಗಿ ಐದು ತಿಂಗಳಿಗೆ, 2025ರ ಜನವರಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ರಾತ್ರಿಯೆಲ್ಲ ಚಳಿಯಲ್ಲಿ ಕೂತರು. ಕೊನೆಗೆ ಮುಖ್ಯಮಂತ್ರಿಗಳು ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಸಿಗೋ ಹಾಗೆ ಮಾಡ್ತೀವಿ ಅಂತ ಭರವಸೆ ಕೊಟ್ಟರು. ಕೋವಿಡ್ ಕಾಲದಲ್ಲಿ ಮನೆಮನೆ ಬಾಗಿಲು ತಟ್ಟಿದವರು ಇವರೇ. ನಾವು ತಟ್ಟೆ ಬಾರಿಸಿದ್ವಿ.

ಸರ್ಕಾರದವರ ಮಾತೂ ಕೇಳೋಣ. ಇವರನ್ನೆಲ್ಲ ಕಾಯಂ ಮಾಡಿದರೆ ಖಜಾನೆ ಖಾಲಿ ಅಂತಾರೆ. ಸುಳ್ಳಲ್ಲ. ರಾಜ್ಯದಲ್ಲಿ ಇವರ ಸಂಖ್ಯೆ ಲಕ್ಷದ ಮೇಲಿದೆ. ಯೋಜನೆ ಕೇಂದ್ರದ್ದು, ಬೈಗುಳ ರಾಜ್ಯಕ್ಕೆ ಅಂತಲೂ ಅಂತಾರೆ. ಅದೂ ಅರ್ಧ ನಿಜ. ಒಂದೇ ಬಜೆಟ್ಟಿನಲ್ಲಿ ಎಲ್ಲ ಕೊಟ್ಟುಬಿಡಿ ಅಂತ ಸ್ಟುಡಿಯೋದಲ್ಲಿ ಕೂತು ಕೂಗೋದು ನನಗೂ ಸುಲಭ, ಆ ಕೆಲಸ ಮಾಡಲ್ಲ. ಆದರೆ ದುಡ್ಡಿಲ್ಲ ಅನ್ನೋದು ಬೇರೆ, ತೂಗೋದೇ ಇಲ್ಲ ಅನ್ನೋದು ಬೇರೆ. ದುಡ್ಡಿಲ್ಲ ಅಂದ್ರೆ, ನಿನ್ನ ಕೆಲಸದ ತೂಕ ಇಷ್ಟು, ಈಗ ಇಷ್ಟು ಕೊಡ್ತೀನಿ, ಉಳಿದಿದ್ದು ಬಾಕಿ ಅಂತ ಒಪ್ಪಿಕೊಂಡ ಹಾಗೆ. ತೂಗಲ್ಲ ಅಂದ್ರೆ ಬಾಕಿಯೇ ಇಲ್ಲ ಅಂದ ಹಾಗೆ.

ಮನಸ್ಸು ಮಾಡಿದರೆ ಆಗುತ್ತೆ ಅನ್ನೋಕೆ ನಮ್ಮಲ್ಲೇ ಸಾಕ್ಷಿ ಇದೆ. 2025ರ ಕಾರ್ಮಿಕರ ದಿನ ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರು. ಏಪ್ರಿಲ್ 30ರಂದು ಗುಡಿಸಿದ ರಸ್ತೆಯನ್ನೇ ಅದೇ ಪೊರಕೆಯಲ್ಲಿ ಅವರು ಮೇ 2ರಂದು ಗುಡಿಸಿದರು. ಕೆಲಸ ಒಂದು ಕಡ್ಡಿಯಷ್ಟೂ ಬದಲಾಗಲಿಲ್ಲ. ಬದಲಾಗಿದ್ದು ಅವರ ಹೆಸರು ಯಾವ ಪಟ್ಟಿಯಲ್ಲಿದೆ ಅನ್ನೋದು ಮಾತ್ರ. ಹಾಗಾದರೆ ಅಷ್ಟು ವರ್ಷ ಅವರಿಗೆ ಕೊಟ್ಟ ಕಡಿಮೆ ಕೂಲಿ ಯಾವ ತೂಕದ ಮೇಲೆ ಕೊಟ್ಟಿದ್ದು? 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತ್ತು. ಕಾಯಂ ನೌಕರ ಮಾಡೋ ಕೆಲಸವನ್ನೇ ತಾತ್ಕಾಲಿಕ ನೌಕರ ಮಾಡಿದರೆ, ಅದೇ ವೇತನ ಶ್ರೇಣಿಯ ಕನಿಷ್ಠ ಮೊತ್ತವನ್ನಾದರೂ ಕೊಡಿ ಅಂತ. ತೀರ್ಪು ಬಂದು ಎಷ್ಟು ವರ್ಷ ಆಯ್ತು, ನಿಮ್ಮ ಊರಿನ ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹೊರಗುತ್ತಿಗೆ ಹುಡುಗಿಯನ್ನ ಕೇಳಿ ನೋಡಿ.

ಆದ್ದರಿಂದ ನನ್ನ ಬೇಡಿಕೆ ಪರ್ಸೆಂಟಿನದ್ದಲ್ಲ. ಎಂಟನೇ ಆಯೋಗಕ್ಕೆ ಹದಿನೆಂಟು ತಿಂಗಳು ಸಮಯ ಇದೆ. ಎಕ್ಸ್‌ಗೆ ಎಷ್ಟು, ವೈಗೆ ಎಷ್ಟು ಅಂತ ಬರೆಯೋವಾಗ, ಯಾವ ಅಂಶಕ್ಕೆ ಎಷ್ಟು ಅಂಕ ಕೊಟ್ಟಿರಿ ಅನ್ನೋ ಕೋಷ್ಟಕವನ್ನೂ ಪಕ್ಕದಲ್ಲೇ ಅಚ್ಚು ಹಾಕಲಿ. ಜವಾನನ ಕಷ್ಟಕ್ಕೆ 5,200, ಅಧಿಕಾರಿಯ ಕಷ್ಟಕ್ಕೆ 15,500 ಅನ್ನೋದಾದರೆ ಹಾಗೇ ಕಾರಣ ಸಮೇತ ಬರೆಯಲಿ. ಓದಿ ನೋಡ್ತೀವಿ.

ಇನ್ನು ನಮ್ಮ ರಾಜ್ಯ ಸರ್ಕಾರಕ್ಕೆ. ಮುಂದಿನ ರಾಜ್ಯ ವೇತನ ಆಯೋಗ ಮಾಡೋವಾಗ ಕಾರ್ಯವ್ಯಾಪ್ತಿಯಲ್ಲಿ ಒಂದು ಸಾಲು ಸೇರಿಸಿ. ಗೌರವಧನ, ಪ್ರೋತ್ಸಾಹಧನದ ಮೇಲೆ ದುಡಿಯೋರ ಕೆಲಸವನ್ನೂ ತೂಗಿ, ಯಾವ ಹುದ್ದೆಗೆ ಸಮ ಅಂತ ಹೇಳಬೇಕು ಅಂತ. ಕೊಡೋದು ಆಮೇಲೆ ನೋಡೋಣ, ಮೊದಲು ತೂಗಿ. ಆ ಸಾಲಿಗೆ ಖರ್ಚು ಇಲ್ಲ, ಸ್ವಲ್ಪ ಶಾಯಿ ಅಷ್ಟೇ.

ಚಳಿಗಾಲದ ಅಧಿವೇಶನಕ್ಕೆ ಮಂತ್ರಿಗಳು ಮತ್ತೆ ಸಾಂಬ್ರಾದಲ್ಲಿ ಇಳೀತಾರೆ. ಸುವರ್ಣಸೌಧದ ಹತ್ತಿರ ಕೊಂಡಸಕೊಪ್ಪದ ಬಯಲಲ್ಲಿ ಶಾಮಿಯಾನ ಏಳುತ್ತೆ. ಅಂಗನವಾಡಿಯವರು, ಆಶಾದವರು, ಬಿಸಿಯೂಟದವರು ಬಂದು ಕೂರ್ತಾರೆ. ಒಬ್ಬ ಮಂತ್ರಿ ಬಂದು ಮನವಿ ಪತ್ರ ತಗೊಂಡು ಹೋಗ್ತಾರೆ. ಈ ಸಲ ಮನವಿ ತಗೊಳ್ಳೋ ಮಂತ್ರಿಗಳನ್ನ ಆ ಹೆಣ್ಣುಮಕ್ಕಳು ಎಷ್ಟು ಕೊಡ್ತೀರಿ ಅಂತ ಕೇಳೋದಕ್ಕೆ ಮುಂಚೆ ಇನ್ನೊಂದು ಪ್ರಶ್ನೆ ಕೇಳಲಿ. ಸಾಹೇಬ್ರೇ, ನಮ್ಮದು ಎಷ್ಟನೇ ಮೆಟ್ಟಿಲು? ಅವರು ಏನು ಉತ್ತರ ಕೊಡ್ತಾರೆ ಅಂತ ನಮ್ಮ ಕ್ಯಾಮೆರಾ ಅಲ್ಲಿ ಇರುತ್ತೆ.